ಐಪಿ ವಿಳಾಸ ಗುರುತಿಸುವುದು ಸಂಪರ್ಕವನ್ನು, ಮನುಷ್ಯನನ್ನಲ್ಲ

ಸಂಪಾದಕರಿಗೆ,

ಮಾನ್ಯರೇ,

ಸೈಬರ್ ಅಪರಾಧಗಳ ಸುದ್ದಿಗೆ ಕನ್ನಡ ಪತ್ರಿಕೆಗಳು ಈಚಿನ ವರ್ಷಗಳಲ್ಲಿ ಹೆಚ್ಚು ಜಾಗ ಕೊಡುತ್ತಿರುವುದು ಸ್ವಾಗತಾರ್ಹ. 1930 ಸಹಾಯವಾಣಿಯ ಸಂಖ್ಯೆಯಾಗಲಿ, ‘ಡಿಜಿಟಲ್ ಅರೆಸ್ಟ್’ ಹೆಸರಿನ ವಂಚನೆಯಾಗಲಿ ಹಳ್ಳಿಯ ಓದುಗರಿಗೂ ಗೊತ್ತಾಗಿದ್ದರೆ ಅದರಲ್ಲಿ ಪತ್ರಿಕೆಗಳ ಪಾಲು ದೊಡ್ಡದು. ಆದರೆ ಈ ವರದಿಗಳಲ್ಲಿ ‘ಐಪಿ ವಿಳಾಸದ ಜಾಡು ಹಿಡಿದು ಪೊಲೀಸರು ಆರೋಪಿಯನ್ನು ಪತ್ತೆಹಚ್ಚಿದ್ದಾರೆ’ ಎಂಬ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತದೆ. ಅದನ್ನು ಓದಿದವರಿಗೆ, ಪ್ರತಿಯೊಂದು ಕಂಪ್ಯೂಟರಿಗೂ ಮೊಬೈಲಿಗೂ ತಯಾರಾದಾಗಲೇ ಅಂಟಿಸಿದ ಒಂದು ಸಂಖ್ಯೆ ಇರುತ್ತದೆ, ಆ ಸಂಖ್ಯೆ ಸಿಕ್ಕಿತೆಂದರೆ ಅದನ್ನು ಬಳಸಿದ ವ್ಯಕ್ತಿಯೂ ಸಿಕ್ಕಂತೆಯೇ ಎಂಬ ಭಾವನೆ ಬರುವುದು ಸಹಜ. ಕಾಲೇಜೊಂದರ ನೆಟ್‌ವರ್ಕನ್ನು ನೋಡಿಕೊಳ್ಳುವ, ದಿನವೂ ಇದೇ ಸಂಖ್ಯೆಗಳ ನಡುವೆ ಕೆಲಸ ಮಾಡುವ ನನಗೆ ಈ ಭಾವನೆ ತಪ್ಪು ಮಾತ್ರವಲ್ಲ, ಅಪಾಯಕಾರಿ ಎಂದೂ ಅನ್ನಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ತುಸು ದೀರ್ಘವಾಗಿದೆ. ವಿಷಯವನ್ನು ಅರ್ಧಕ್ಕೆ ಹೇಳಿ ಬಿಟ್ಟರೆ ಗೊಂದಲ ಇನ್ನೂ ಹೆಚ್ಚೀತೆಂಬ ಕಾರಣಕ್ಕೆ ಸಂಪಾದಕರು ಸಹಿಸಿಕೊಳ್ಳಬೇಕು.

ಐಪಿ ವಿಳಾಸವೆಂಬುದು ಕಂಪ್ಯೂಟರಿನ ಗುರುತಲ್ಲ. ಕಂಪ್ಯೂಟರು ಒಂದು ನೆಟ್‌ವರ್ಕಿಗೆ ಸೇರಿಕೊಳ್ಳುವ ಜಾಗದ ಗುರುತು. ಒಂದೇ ಲ್ಯಾಪ್‌ಟಾಪಿಗೆ ಕೇಬಲ್ಲನ್ನೂ ಸಿಕ್ಕಿಸಿ ವೈಫೈಯನ್ನೂ ಆನ್ ಮಾಡಿದರೆ ಅದಕ್ಕೆ ಎರಡು ವಿಳಾಸಗಳಿರುತ್ತವೆ. ಅದೇ ಲ್ಯಾಪ್‌ಟಾಪನ್ನು ಮನೆಗೆ ಒಯ್ದರೆ ಆ ಎರಡೂ ಹೋಗಿ ಬೇರೊಂದು ಬರುತ್ತದೆ. ತಯಾರಕರು ಯಂತ್ರದಲ್ಲೇ ಬರೆದು ಕಳಿಸುವ ಸಂಖ್ಯೆ ಬೇರೆಯೇ ಇದೆ. ಮ್ಯಾಕ್ ವಿಳಾಸವೆಂದು ಕರೆಯಲಾಗುವ 48 ಬಿಟ್‌ಗಳ (0 ಅಥವಾ 1 ಬರುವ 48 ಸ್ಥಾನಗಳ) ಆ ಸಂಖ್ಯೆ ಒಂದೇ ಕೇಬಲ್ಲಿನ ಅಥವಾ ಒಂದೇ ವೈಫೈಯ ಒಳಗೆ ಮಾತ್ರ ಓಡಾಡುತ್ತದೆ. ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾಟಿಸುವ ಯಂತ್ರವಾದ ರೂಟರಿನಲ್ಲಿ, ಮೊದಲನೆಯದನ್ನು ದಾಟಿದ ಮೇಲೆ ಅದನ್ನು ಯಾರೂ ನೋಡುವುದಿಲ್ಲ. ಈಗಿನ ಫೋನುಗಳಂತೂ ಪ್ರತಿ ವೈಫೈಗೂ ಒಂದೊಂದು ಸುಳ್ಳು ಮ್ಯಾಕ್ ವಿಳಾಸವನ್ನು ಸೃಷ್ಟಿಸಿಕೊಳ್ಳುತ್ತವೆ. ಹೀಗಾಗಿ ದೂರದ ಸರ್ವರಿಗೆ, ಎಂದರೆ ಜಾಲತಾಣವನ್ನು ನಡೆಸುವ ಕಂಪ್ಯೂಟರಿಗೆ, ಕಾಣುವುದು ಐಪಿ ವಿಳಾಸ ಒಂದೇ.

ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳುವ ಐಪಿ ವಿಳಾಸದಲ್ಲಿ ಚುಕ್ಕಿಗಳಿಂದ ಬೇರ್ಪಡಿಸಿದ ನಾಲ್ಕು ಅಂಕಿಗಳಿರುತ್ತವೆ. ಪ್ರತಿಯೊಂದೂ 0ರಿಂದ 255ರೊಳಗಿನದು. ಒಟ್ಟು 32 ಬಿಟ್‌ಗಳ ಈ ಪದ್ಧತಿ 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ದಾಖಲೆಯಲ್ಲಿ ನಿಗದಿಯಾಯಿತು. 1983ರ ಜನವರಿ 1ರಂದು ಇಂಟರ್ನೆಟ್ಟಿನ ಪೂರ್ವಜವಾದ ಅಮೆರಿಕದ ಅರ್ಪಾನೆಟ್ ಇದಕ್ಕೆ ಬದಲಾಯಿತು. ನಮ್ಮ ಕಾಲೇಜಿನ ಪ್ರಯೋಗಾಲಯದ ಒಂದು ಕಂಪ್ಯೂಟರಿನಲ್ಲಿ ಕಪ್ಪು ಪರದೆ ತೆರೆದು ‘ಐಪಿಕಾನ್ಫಿಗ್’ ಎಂದು ಟೈಪಿಸಿದರೆ 192.168.10.57 ಎಂದೂ, ಅದರ ಕೆಳಗೆ 255.255.255.0 ಎಂದೂ, ಅದರ ಕೆಳಗೆ ಗೇಟ್‌ವೇ (ಹೊರಹೋಗುವ ಬಾಗಿಲಾದ ರೂಟರು) 192.168.10.1 ಎಂದೂ ಬರುತ್ತದೆ. ನಡುವಿನ ಸಾಲಿನಲ್ಲಿರುವುದು ಸಬ್‌ನೆಟ್ ಮಾಸ್ಕ್. ವಿಳಾಸದ ಮೊದಲ ಮೂರು ಅಂಕಿಗಳು ನೆಟ್‌ವರ್ಕಿನವು, ಕೊನೆಯದು ಮಾತ್ರ ಆ ನೆಟ್‌ವರ್ಕಿನೊಳಗಿನ ಯಂತ್ರದ್ದು ಎಂದು ಅದು ಹೇಳುತ್ತದೆ. ಕಂಪ್ಯೂಟರು ಏನನ್ನಾದರೂ ಕಳಿಸಬೇಕಾದಾಗ ಮೊದಲು ಮಾಡುವ ಕೆಲಸ ಇಷ್ಟೇ: ತಲುಪಬೇಕಾದ ವಿಳಾಸದ ಮೊದಲ ಮೂರು ಅಂಕಿಗಳನ್ನು ತನ್ನವುಗಳೊಡನೆ ತಾಳೆ ನೋಡುತ್ತದೆ. ಒಂದೇ ಆಗಿದ್ದರೆ ಪಕ್ಕದ ಯಂತ್ರವನ್ನು ನೇರವಾಗಿ ಹುಡುಕಿ ಕೊಡುತ್ತದೆ. ಬೇರೆಯಾಗಿದ್ದರೆ ಗೇಟ್‌ವೇಗೆ ಒಪ್ಪಿಸಿ ಸುಮ್ಮನಾಗುತ್ತದೆ. ಮುಂದಿನ ರೂಟರುಗಳೆಲ್ಲವೂ ವಿಳಾಸದ ನೆಟ್‌ವರ್ಕ್ ಭಾಗವನ್ನೇ ನೋಡಿ ಪ್ಯಾಕೆಟ್ಟನ್ನು, ಎಂದರೆ ಕಳಿಸಿದ ಮಾಹಿತಿಯ ತುಣುಕನ್ನು, ದಾಟಿಸುತ್ತ ಹೋಗುತ್ತವೆ. ಈ ದಾರಿಯುದ್ದಕ್ಕೂ ಕೀಲಿಮಣೆಯ ಮುಂದೆ ಯಾರು ಕೂತಿದ್ದಾರೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಪ್ಯಾಕೆಟ್ಟು ತಲುಪಬೇಕು, ಉತ್ತರ ಹಿಂದಿರುಗಬೇಕು. ಈ ಎರಡಕ್ಕೆ ಬೇಕಾದಷ್ಟನ್ನೇ ಈ ಪದ್ಧತಿ ಗುರುತಿಸುತ್ತದೆ.

ಆ 57 ಕೂಡ ಆ ಕಂಪ್ಯೂಟರಿನ ಸ್ವಂತದ್ದಲ್ಲ. ಬೆಳಿಗ್ಗೆ ಯಂತ್ರ ಆನ್ ಆದಾಗ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಖಾಲಿ ಇರುವ ಸಂಖ್ಯೆಗಳಲ್ಲಿ ಒಂದನ್ನು ಕೆಲವು ಗಂಟೆಗಳ ಲೀಸಿನ ಮೇಲೆ ಅದಕ್ಕೆ ಕೊಟ್ಟಿರುತ್ತದೆ. ಲೀಸ್ ಮುಗಿದ ಮೇಲೆ ಅದೇ 57 ಯಾವುದೋ ವಿದ್ಯಾರ್ಥಿಯ ಫೋನಿಗೆ ಹೋಗಬಹುದು. ಮನೆಯ ಬ್ರಾಡ್‌ಬ್ಯಾಂಡ್ ಮೋಡೆಮ್ಮನ್ನು ಆಫ್ ಮಾಡಿ ಆನ್ ಮಾಡಿದರೆ ಹೊರಗಿನ ವಿಳಾಸವೇ ಬದಲಾಗಿರುವುದುಂಟು. ಆದ್ದರಿಂದ ‘ಈ ವಿಳಾಸ ಯಾರದು’ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ‘ಈ ವಿಳಾಸ ಇಂಥ ದಿನ, ಇಂಥ ಗಂಟೆ, ಇಂಥ ಸೆಕೆಂಡಿನಲ್ಲಿ ಯಾರ ಸಂಪರ್ಕಕ್ಕೆ ಕೊಡಲ್ಪಟ್ಟಿತ್ತು’ ಎಂದು ಕೇಳಿದರೆ ಮಾತ್ರ ಉತ್ತರ ಸಿಗುವ ಸಾಧ್ಯತೆ ಇದೆ.

ಸಾಧ್ಯತೆ ಎಂದೆನೇ ಹೊರತು ಖಚಿತವೆನ್ನಲಿಲ್ಲ. ಅದಕ್ಕೆ ಕಾರಣ ವಿಳಾಸಗಳ ಬರ. 32 ಬಿಟ್‌ಗಳಿಂದ ಮಾಡಬಹುದಾದ ಒಟ್ಟು ವಿಳಾಸಗಳು 429 ಕೋಟಿ ಚಿಲ್ಲರೆ. ಎಪ್ಪತ್ತರ ದಶಕದಲ್ಲಿ ಇದನ್ನು ಪ್ರಯೋಗವೆಂದೇ ಭಾವಿಸಿ 32 ಸಾಕೆಂದು ತೀರ್ಮಾನಿಸಿದ್ದಾಗಿ ಅದರ ರೂವಾರಿಗಳಲ್ಲಿ ಒಬ್ಬರಾದ ವಿಂಟ್ ಸರ್ಫ್ ಅವರೇ ಹೇಳಿಕೊಂಡಿದ್ದಾರೆ. ಪ್ರಯೋಗ ಮುಗಿಯಲೇ ಇಲ್ಲ, ಪ್ರಪಂಚವೇ ಅದರೊಳಗೆ ಬಂದು ಕೂತಿತು. ಜಾಗತಿಕ ದಾಸ್ತಾನಿನಲ್ಲಿದ್ದ ಕೊನೆಯ ಕಂತುಗಳು 2011ರ ಫೆಬ್ರವರಿ 3ರಂದು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಹಂಚಿಕೆಯಾದವು. ನಮ್ಮ ಪಾಲು ನೋಡಿಕೊಳ್ಳುವ, ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿರುವ ಎಪಿನಿಕ್ ಸಂಸ್ಥೆಯ ಕಣಜ ಅದೇ ವರ್ಷದ ಏಪ್ರಿಲ್ ಹೊತ್ತಿಗೆ ತಳ ಕಂಡಿತ್ತು. ಭಾರತದಲ್ಲಿ ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂದದ್ದು ಅದಾದ ಮೇಲೆ.

ಹಾಗಾದರೆ ಇಷ್ಟೊಂದು ಫೋನುಗಳು ಹೇಗೆ ಇಂಟರ್ನೆಟ್ಟಿನಲ್ಲಿವೆ ಎಂದರೆ, ಹಂಚಿಕೊಂಡು. 10ರಿಂದ ಶುರುವಾಗುವ ವಿಳಾಸಗಳು, 172.16ರಿಂದ 172.31ರವರೆಗಿನವು ಮತ್ತು 192.168ರಿಂದ ಶುರುವಾಗುವವು ಖಾಸಗಿ ಬಳಕೆಗೆಂದು ಮೀಸಲಾಗಿವೆ. ಇವನ್ನು ಯಾರ ಮನೆಯಲ್ಲಾದರೂ ಯಾರ ಅನುಮತಿಯೂ ಇಲ್ಲದೆ ಬಳಸಬಹುದು. ನಿಮ್ಮ ಮನೆಯ ಟಿವಿಗೂ ನಮ್ಮ ಮನೆಯ ಪ್ರಿಂಟರಿಗೂ 192.168.1.5 ಎಂಬ ಒಂದೇ ವಿಳಾಸ ಇದ್ದರೆ ಅಡ್ಡಿಯಿಲ್ಲ, ಏಕೆಂದರೆ ಹೊರಗಿನ ರೂಟರುಗಳು ಈ ವಿಳಾಸಗಳನ್ನು ಮುಂದೆ ದಾಟಿಸುವುದೇ ಇಲ್ಲ. ಮನೆಯ ರೂಟರು ಒಳಗಿನ ವಿಳಾಸವನ್ನು ಅಳಿಸಿ, ತನಗೆ ಕಂಪನಿ ಕೊಟ್ಟ ಸಾರ್ವಜನಿಕ ವಿಳಾಸವನ್ನು ಬರೆದು ಪ್ಯಾಕೆಟ್ಟನ್ನು ಹೊರಗೆ ಕಳಿಸುತ್ತದೆ. ಇದಕ್ಕೆ ನ್ಯಾಟ್ ಎಂದು ಹೆಸರು. ಕಚೇರಿಗಳಲ್ಲಿ ಇಪಿಎಬಿಎಕ್ಸ್ (ಕಚೇರಿಯೊಳಗಿನ ಫೋನುಗಳನ್ನು ಜೋಡಿಸುವ ಯಂತ್ರ) ಬಳಸಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ: ಲೆಕ್ಕಪತ್ರ ವಿಭಾಗದವರು ಫೋನ್ ಮಾಡಿದರೂ, ಜವಾನ ಮಾಡಿದರೂ ಆ ಕಡೆಯವರಿಗೆ ಕಾಣುವುದು ಕಚೇರಿಯ ಮುಖ್ಯ ಸಂಖ್ಯೆಯೇ, ಯಾವ ಎಕ್ಸ್‌ಟೆನ್ಶನ್‌ನಿಂದ ಕರೆ ಹೋಯಿತೆಂಬುದು ಕಚೇರಿಯ ಯಂತ್ರ ಬರೆದಿಟ್ಟುಕೊಂಡಿದ್ದರೆ ಉಂಟು, ಇಲ್ಲವಾದರೆ ಇಲ್ಲ. ರೂಟರಿನಲ್ಲಿ ಎಕ್ಸ್‌ಟೆನ್ಶನ್ನಿನ ಕೆಲಸ ಮಾಡುವುದು ಪೋರ್ಟ್ ಸಂಖ್ಯೆ. ಹೊರಟ ಪ್ರತಿಯೊಂದು ಸಂಪರ್ಕಕ್ಕೂ ರೂಟರು ಒಂದು ಪೋರ್ಟ್ ಕೊಟ್ಟು, ಉತ್ತರ ಬಂದಾಗ ಅದನ್ನು ನೋಡಿ ಸರಿಯಾದ ಯಂತ್ರಕ್ಕೆ ತಲುಪಿಸುತ್ತದೆ.

ಮನೆಯ ಮಟ್ಟದಲ್ಲಿ ನಡೆಯುವ ಈ ಕೆಲಸವನ್ನೇ ಮೊಬೈಲ್ ಕಂಪನಿಗಳೂ ಕೇಬಲ್ ಬ್ರಾಡ್‌ಬ್ಯಾಂಡಿನವರೂ ಊರಿನ ಮಟ್ಟದಲ್ಲಿ ಮಾಡುತ್ತಾರೆ. ಇದು ಸಿಜಿನ್ಯಾಟ್. ಇದಕ್ಕಾಗಿಯೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಪ್ರತ್ಯೇಕವಾಗಿ ಎತ್ತಿಡಲಾಯಿತು. ನಿಮ್ಮ ರೂಟರಿನ ಪುಟದಲ್ಲಿ ಹೊರಗಿನ ವಿಳಾಸವೆಂದು 100.64 ಅಥವಾ 100.100ರಂಥ ಸಂಖ್ಯೆ ಕಂಡರೆ ನಿಮಗೆ ಸ್ವಂತ ಸಾರ್ವಜನಿಕ ವಿಳಾಸ ಇಲ್ಲವೆಂದೇ ತಿಳಿಯಬೇಕು. ಲೆಕ್ಕ ಹೀಗಿದೆ. ಒಂದು ವಿಳಾಸಕ್ಕೆ 65,536 ಪೋರ್ಟುಗಳು. ಮೊದಲ 1,024ನ್ನು ಬದಿಗಿಟ್ಟು ಉಳಿದದ್ದನ್ನು ಗ್ರಾಹಕರಿಗೆ ತಲಾ ಸುಮಾರು 1,000ದಂತೆ ಹಂಚಿದರೆ ಒಂದೇ ಸಾರ್ವಜನಿಕ ವಿಳಾಸದ ಹಿಂದೆ 64 ಗ್ರಾಹಕರು ಏಕಕಾಲಕ್ಕೆ ಇರಬಹುದು. ಇನ್ನೂ ಬಿಗಿಯಾಗಿ ಹಂಚಿದರೆ ನೂರಾರು. ಆ ಒಬ್ಬೊಬ್ಬ ಗ್ರಾಹಕನ ಮನೆಯಲ್ಲಿ ನಾಲ್ಕಾರು ಯಂತ್ರಗಳು, ಕೇಳಿದವರಿಗೆಲ್ಲ ಕೊಟ್ಟ ವೈಫೈ ಪಾಸ್‌ವರ್ಡ್, ಮೇಲಿನ ಮಹಡಿಯ ಬಾಡಿಗೆದಾರರು, ಹಬ್ಬಕ್ಕೆ ಬಂದ ನೆಂಟರು. ಇವರಲ್ಲಿ ಒಬ್ಬರು ಮಾಡಿದ ಕೃತ್ಯಕ್ಕೆ ಸರ್ವರಿನಲ್ಲಿ ಉಳಿಯುವ ಗುರುತು ಎಲ್ಲರಿಗೂ ಸೇರಿದ್ದು.

ಆದ್ದರಿಂದ ವಿಳಾಸದ ಜೊತೆಗೆ ಪೋರ್ಟ್ ಸಂಖ್ಯೆಯೂ ಸೆಕೆಂಡಿನವರೆಗಿನ ನಿಖರ ಸಮಯವೂ ಇಲ್ಲದಿದ್ದರೆ ಕಂಪನಿಯವರು ಪ್ರಾಮಾಣಿಕವಾಗಿ ಕೊಡಬಹುದಾದ ಉತ್ತರ ಒಂದು ಹೆಸರಲ್ಲ, ಒಂದು ದೊಡ್ಡ ಪಟ್ಟಿ. ಇದು ನನ್ನ ಸ್ವಂತ ಅಭಿಪ್ರಾಯವಲ್ಲ. ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ 2011ರ ಜೂನ್‌ನಲ್ಲಿಯೇ, ಸಾರ್ವಜನಿಕ ಸರ್ವರುಗಳು ಬಂದವರ ಐಪಿ ವಿಳಾಸವನ್ನು ಮಾತ್ರವಲ್ಲದೆ ಅವರ ಪೋರ್ಟ್ ಸಂಖ್ಯೆಯನ್ನೂ ನಂಬಲರ್ಹ ಗಡಿಯಾರದ ಸಮಯವನ್ನೂ ಬರೆದಿಡಬೇಕೆಂದು ಶಿಫಾರಸು ಮಾಡಿದೆ. ಅದನ್ನು ಪಾಲಿಸದ ಸರ್ವರುಗಳು ಇಂದಿಗೂ ಎಲ್ಲೆಲ್ಲೂ ಇವೆ. ಪ್ರಚಲಿತ ವೆಬ್ ಸರ್ವರ್ ತಂತ್ರಾಂಶಗಳು ತಾವಾಗಿಯೇ ಬರೆಯುವ ದಾಖಲೆಯಲ್ಲಿ, ಎಂದರೆ ಲಾಗಿನಲ್ಲಿ, ಬಂದವರ ಪೋರ್ಟ್ ಇರುವುದಿಲ್ಲ, ಯಾರಾದರೂ ಹೋಗಿ ಸೇರಿಸಬೇಕು. ಯುರೋಪಿನ ಪೊಲೀಸ್ ಸಂಸ್ಥೆಯಾದ ಯುರೋಪೋಲ್ 2017ರಲ್ಲಿ ಸಿಜಿನ್ಯಾಟ್ ಬಳಕೆಯನ್ನೇ ಕೊನೆಗಾಣಿಸಬೇಕೆಂದು ಬಹಿರಂಗವಾಗಿ ಕೇಳಿಕೊಂಡದ್ದು ಇದೇ ಕಷ್ಟಕ್ಕೆ. ಅಪರಾಧಿಯೊಬ್ಬನನ್ನು ಹುಡುಕಲು ಹೊರಟು, ಅದೇ ವಿಳಾಸ ಹಂಚಿಕೊಂಡ ನಿರಪರಾಧಿಗಳನ್ನೆಲ್ಲ ತನಿಖೆಯ ಬಲೆಯಲ್ಲಿ ಎಳೆಯಬೇಕಾಗುತ್ತದೆಂಬುದು ಅದರ ವಾದವಾಗಿತ್ತು. ಪೊಲೀಸರೇ ಹೀಗೆ ಹೇಳುತ್ತಿರುವಾಗ ಪತ್ರಿಕೆಗಳು ಅದಕ್ಕಿಂತ ಹೆಚ್ಚಿನ ಭರವಸೆಯಿಂದ ಬರೆಯುವುದು ವಿಚಿತ್ರ.

ಕೆಲವು ವರ್ಷಗಳ ಹಿಂದೆ ದೂರದ ಊರೊಂದರ ಠಾಣೆಯಿಂದ ನಾನು ಕೆಲಸ ಮಾಡುವ ಕಾಲೇಜಿಗೆ ಪತ್ರವೊಂದು ಬಂದಿತ್ತು. ಅದರಲ್ಲಿದ್ದುದು ನಮ್ಮ ಸಾರ್ವಜನಿಕ ಐಪಿ ವಿಳಾಸ, ಒಂದು ತಾರೀಕು, ಮತ್ತು ‘ಸದರಿ ಐಪಿಯನ್ನು ಬಳಸಿದ ವ್ಯಕ್ತಿಯ ಹೆಸರು ಮತ್ತು ಪೂರ್ಣ ವಿಳಾಸವನ್ನು ಒದಗಿಸುವುದು’ ಎಂಬ ಸೂಚನೆ. ಆ ದಿನ ಎಲ್ಲ ಪ್ರಯೋಗಾಲಯಗಳೂ, ಗ್ರಂಥಾಲಯವೂ, ಎರಡು ಹಾಸ್ಟೆಲುಗಳ ವೈಫೈಯೂ ಆ ಒಂದೇ ವಿಳಾಸದಿಂದ ಹೊರಹೋಗಿದ್ದವು. ಗಂಟೆ ನಿಮಿಷ ಸೆಕೆಂಡು ಮತ್ತು ಪೋರ್ಟ್ ಬೇಕೆಂದು ನಾವು ಉತ್ತರಿಸಿದೆವು. ಎರಡನೆಯ ಪತ್ರದಲ್ಲಿ ಸಮಯ ಬಂತು, ಪೋರ್ಟ್ ಬರಲಿಲ್ಲ. ದೂರು ನೀಡಿದ ಜಾಲತಾಣದವರ ಲಾಗಿನಲ್ಲಿಯೇ ಅದು ಇರಲಿಲ್ಲವಂತೆ. ಪತ್ರ ತಂದಿದ್ದ ಸಿಬ್ಬಂದಿ ಸೌಜನ್ಯದವರು, ನಾವು ಹೇಳಿದ್ದನ್ನು ಕೇಳಿಕೊಂಡು ಬರೆದುಕೊಂಡು ಹೋದರು. ಒಂದು ಹೆಸರು ಕೊಟ್ಟು ಕೈತೊಳೆದುಕೊಳ್ಳೋಣ ಎಂಬ ಸಲಹೆ ಬಂದದ್ದು ಪೊಲೀಸರಿಂದಲ್ಲ, ನಮ್ಮದೇ ಕಚೇರಿಯೊಳಗಿಂದ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಸಮಯದ ವಿಷಯದಲ್ಲಿ ಇನ್ನೊಂದು ತೊಡಕಿದೆ. ನೋಡಲು ಸಣ್ಣದು, ಆದರೆ ಬದುಕನ್ನೇ ಹಾಳು ಮಾಡಬಲ್ಲದು. ವಿದೇಶಿ ಸರ್ವರುಗಳು ಸಾಮಾನ್ಯವಾಗಿ ಸಮಯವನ್ನು ಯುಟಿಸಿ ಎಂಬ ಜಾಗತಿಕ ಕಾಲಮಾನದ ಲೆಕ್ಕದಲ್ಲಿ ಬರೆಯುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಲಾಗಿನಲ್ಲಿ ‘203.0.113.45, 14ನೇ ತಾರೀಕು, 19:10:22’ ಎಂದಿದೆ ಎನ್ನೋಣ (ಈ ವಿಳಾಸ ಉದಾಹರಣೆಗಳಿಗೆಂದೇ ಮೀಸಲಿಟ್ಟದ್ದು, ಯಾರಿಗೂ ಸೇರಿದ್ದಲ್ಲ). ನಮ್ಮ ಲೆಕ್ಕದಲ್ಲಿ ಅದು 15ನೇ ತಾರೀಕಿನ ಮಧ್ಯರಾತ್ರಿ ಕಳೆದು 12 ಗಂಟೆ 40 ನಿಮಿಷ. ಓದಿದವರು ಯುಟಿಸಿ ಎಂಬುದನ್ನು ಗಮನಿಸದೆ 14ರ ಸಂಜೆ 7 ಗಂಟೆ 10 ನಿಮಿಷದಲ್ಲಿ ಆ ವಿಳಾಸ ಯಾರ ಬಳಿ ಇತ್ತೆಂದು ಕಂಪನಿಯನ್ನು ಕೇಳಿದರೆ ಉತ್ತರವೇನೋ ಖಂಡಿತ ಬರುತ್ತದೆ. ಅದರಲ್ಲಿ ಹೆಸರಿರುತ್ತದೆ, ಮನೆ ಸಂಖ್ಯೆ ಇರುತ್ತದೆ, ಕಂಪನಿಯ ಮೊಹರಿರುತ್ತದೆ. ಆದರೆ ಅದು ಇನ್ನಾರದೋ ಹೆಸರು. ತಪ್ಪು ಪ್ರಶ್ನೆಗೂ ಗಂಭೀರವಾದ ಉತ್ತರ ಬಂದುಬಿಡುವುದೇ ಇಲ್ಲಿನ ಅಪಾಯ.

ಇದು ಕಲ್ಪನೆಯ ಭಯವೆಂದು ಯಾರೂ ತಳ್ಳಿಹಾಕಬೇಕಾಗಿಲ್ಲ, ಏಕೆಂದರೆ ದೇಶದಲ್ಲೇ ಬಹುಚರ್ಚಿತವಾದ ಇಂಥ ಪ್ರಕರಣ ನಡೆದದ್ದು ಬೆಂಗಳೂರಿನಲ್ಲಿ. 2007ರ ಆಗಸ್ಟ್ ಕೊನೆಯಲ್ಲಿ ಪುಣೆಯ ಪೊಲೀಸರು ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಬಂಧಿಸಿದರು. ಆಗ ಜನಪ್ರಿಯವಾಗಿದ್ದ ಆರ್ಕುಟ್ ತಾಣದಲ್ಲಿ ಛತ್ರಪತಿ ಶಿವಾಜಿಯವರನ್ನು ಅವಮಾನಿಸುವ ಚಿತ್ರ ಹಾಕಿದರೆಂಬುದು ಆರೋಪ. ಆಧಾರ, ಒಂದು ಐಪಿ ವಿಳಾಸ. ಆ ವಿಳಾಸ ಇವರ ಸಂಪರ್ಕಕ್ಕೆ ಸೇರಿದ್ದೆಂದು ಸೇವಾ ಕಂಪನಿ ಕೊಟ್ಟ ಮಾಹಿತಿಯೇ ತಪ್ಪಾಗಿತ್ತೆಂಬುದು ಬಯಲಾಗುವ ಹೊತ್ತಿಗೆ ಆ ಮನುಷ್ಯ 50 ದಿನ ಪುಣೆಯ ಜೈಲಿನಲ್ಲಿ ಕಳೆದಿದ್ದರು. ಬ್ರಿಟನ್ನಿನಲ್ಲಿ 2011ರಲ್ಲಿ ಪೊಲೀಸರು ಕೋರಿಕೆ ಬರೆಯುವಾಗ ಐಪಿ ವಿಳಾಸಕ್ಕೆ ಒಂದೇ ಒಂದು ಅಂಕಿ ಹೆಚ್ಚಾಗಿ ಸೇರಿಕೊಂಡದ್ದರಿಂದ, ಮಕ್ಕಳ ಅಶ್ಲೀಲ ಚಿತ್ರ ಹಂಚಿದ ಆರೋಪದ ಮೇಲೆ ಸಂಬಂಧವೇ ಇಲ್ಲದ ಒಬ್ಬ ತಂದೆಯ ಬಂಧನವಾಯಿತು; ಮುಂದೆ ಅವರಿಗೆ 60,000 ಪೌಂಡ್ ಪರಿಹಾರ ಕೊಡಬೇಕಾಯಿತು. ಇಂಥ ಆರೋಪ ಹೊತ್ತ ಮೇಲೆ ಪರಿಹಾರದ ಹಣದಿಂದ ಏನು ಮರಳಿ ಬರುತ್ತದೆಂಬುದನ್ನು ಓದುಗರೇ ಊಹಿಸಬಹುದು.

ಇನ್ನು ಸ್ಥಳದ ಮಾತು. ‘ಐಪಿ ವಿಳಾಸ ಇಂಥ ಊರನ್ನು ತೋರಿಸಿದೆ’ ಎಂಬ ಮಾತೂ ವರದಿಗಳಲ್ಲಿ ಆಗಾಗ ಬರುತ್ತದೆ. ಐಪಿ ವಿಳಾಸದೊಳಗೆ ಊರಿನ ಹೆಸರು ಎಲ್ಲಿಯೂ ಅಡಗಿಲ್ಲ. ವಿಳಾಸಗಳ ಕಂತು ಯಾವ ಕಂಪನಿಗೆ ಹಂಚಿಕೆಯಾಗಿದೆ ಎಂಬುದು ನೋಂದಣಿ ಸಂಸ್ಥೆಗಳ ದಾಖಲೆಯಲ್ಲಿ ಎಲ್ಲರಿಗೂ ಕಾಣುತ್ತದೆ. ಅಲ್ಲಿಂದ ಮುಂದಕ್ಕೆ ಊರನ್ನು ಊಹಿಸಿ ಪಟ್ಟಿ ಮಾಡಿ ಮಾರುವ ಖಾಸಗಿ ಕಂಪನಿಗಳಿವೆ. ಊಹೆ ದೇಶದ ಮಟ್ಟಿಗೆ ಬಹುಪಾಲು ಸರಿ, ಊರಿನ ಮಟ್ಟಿಗೆ ಅಷ್ಟಕ್ಕಷ್ಟೆ. ಶಿವಮೊಗ್ಗದಲ್ಲಿ ಕೂತು ಮೊಬೈಲ್ ಡೇಟಾ ಬಳಸುವವನ ಪ್ಯಾಕೆಟ್ಟುಗಳು ಬೆಂಗಳೂರಿನದೋ ಚೆನ್ನೈಯದೋ ಗೇಟ್‌ವೇಯಿಂದ ಇಂಟರ್ನೆಟ್ಟಿಗೆ ಇಳಿದರೆ, ಪಟ್ಟಿಯ ಪ್ರಕಾರ ಅವನು ಆ ಊರಿನವನೇ.

ಈ ಊಹೆಯನ್ನು ಸಾಕ್ಷ್ಯವೆಂದು ನಂಬಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಕಾನ್ಸಾಸ್ ರಾಜ್ಯದ ಪಾಟ್ವಿನ್ ಎಂಬ ಪುಟ್ಟ ಊರಿನ ಬಳಿಯ ಒಂದು ತೋಟದ ಮನೆ ಸಾಕ್ಷಿ. ಮ್ಯಾಕ್ಸ್‌ಮೈಂಡ್ ಎಂಬ ಕಂಪನಿ ತನ್ನ ಪಟ್ಟಿಯಲ್ಲಿ, ಅಮೆರಿಕದ್ದು ಎಂಬುದರ ಹೊರತಾಗಿ ಬೇರೇನೂ ಗೊತ್ತಿಲ್ಲದ ವಿಳಾಸಗಳಿಗೆ ದೇಶದ ನಡುಮಧ್ಯದ ಒಂದು ಬಿಂದುವನ್ನು ಕೊಡಲು ನಿರ್ಧರಿಸಿತು. ನಿಜವಾದ ಮಧ್ಯಬಿಂದುವಿನ ಅಕ್ಷಾಂಶ ರೇಖಾಂಶಗಳಲ್ಲಿ ದಶಾಂಶಗಳು ಉದ್ದವಾಗಿದ್ದವೆಂದು ಅದನ್ನು ಸರಳಗೊಳಿಸಿ 38 ಡಿಗ್ರಿ ಉತ್ತರ, 97 ಡಿಗ್ರಿ ಪಶ್ಚಿಮ ಎಂದು ಬರೆದರು. ಆ ಬಿಂದು ಹೋಗಿ ಬಿದ್ದದ್ದು ಈ ತೋಟದ ಮೇಲೆ. ಒಂದಲ್ಲ ಎರಡಲ್ಲ, ಸುಮಾರು 60 ಕೋಟಿ ಐಪಿ ವಿಳಾಸಗಳ ‘ಊರು’ ಒಂದೇ ಮನೆಯಾಯಿತು. ವರ್ಷಗಟ್ಟಲೆ ಆ ಮನೆಯ ಬಾಗಿಲಿಗೆ ಎಫ್‌ಬಿಐ ಅಧಿಕಾರಿಗಳು, ತೆರಿಗೆ ವಸೂಲಿಯವರು, ಮನೆ ಬಿಟ್ಟು ಓಡಿಹೋದ ಮಕ್ಕಳನ್ನು ಹುಡುಕುವ ಪೊಲೀಸರು, ಆತ್ಮಹತ್ಯೆಗೆ ಯತ್ನಿಸಿದವರನ್ನು ಉಳಿಸಲು ಧಾವಿಸಿದ ಆಂಬುಲೆನ್ಸಿನವರು ಬರುತ್ತಲೇ ಇದ್ದರು. ಯಾರೋ ಸಿಟ್ಟಿನವರು ಒಡೆದ ಕಮೋಡೊಂದನ್ನು ತಂದು ದಾರಿಯಲ್ಲಿ ಇಟ್ಟುಹೋದರು. ಕೊನೆಗೆ ಆ ಕೌಂಟಿಯ ಪೊಲೀಸ್ ಮುಖ್ಯಸ್ಥರೇ ತೋಟದ ಪ್ರವೇಶದಲ್ಲಿ, ಈ ಮನೆಯವರ ಗೊಡವೆಗೆ ಹೋಗಬೇಡಿ, ಏನಿದ್ದರೂ ನನ್ನನ್ನು ಕೇಳಿ ಎಂಬರ್ಥದ ಫಲಕ ಹಾಕಿಸಬೇಕಾಯಿತು. ಕಾರಣ ಏನೆಂದು 2016ರಲ್ಲಿ ಪತ್ರಿಕಾ ವರದಿಯೊಂದು ಬಿಡಿಸಿ ಹೇಳುವವರೆಗೂ ಮನೆಯವರಿಗೆ ತಲೆಬುಡ ತಿಳಿದಿರಲಿಲ್ಲ. ಕಂಪನಿ ಆ ಬಿಂದುವನ್ನು ಒಂದು ಕೆರೆಯ ನಡುವಿಗೆ ಸರಿಸಿತು. ವರದಿಗಾರರ ಪ್ರಶ್ನೆಯಿಂದ ಸರಿಹೋದ ಈ ತಪ್ಪನ್ನು ಪತ್ರಿಕೆಯೊಂದಕ್ಕೆ ಬರೆಯುತ್ತಿರುವ ಪತ್ರದಲ್ಲಿ ನೆನಪಿಸುವುದಕ್ಕೆ ಒಂದು ಉದ್ದೇಶವೂ ಇದೆ.

ಹೊಸ ಪದ್ಧತಿ ಬಂದ ಮೇಲೆ ಇದೆಲ್ಲ ಸರಿಹೋಗುತ್ತದೆಯೇ ಎಂದು ತಿಳಿದವರು ಕೇಳಬಹುದು. 128 ಬಿಟ್‌ಗಳ ಐಪಿವಿ6ರಲ್ಲಿ ವಿಳಾಸಗಳಿಗೆ ಬರವಿಲ್ಲ, ಹಂಚಿಕೊಳ್ಳುವ ಅಗತ್ಯವೂ ಇಲ್ಲ. 2016ರಲ್ಲಿ ಜಿಯೋ ಆರಂಭದಿಂದಲೇ ಇದನ್ನು ಬಳಸಿದ್ದರಿಂದ ಭಾರತ ಈ ವಿಷಯದಲ್ಲಿ ಜಗತ್ತಿನ ಮುಂಚೂಣಿಯ ದೇಶಗಳ ಸಾಲಿನಲ್ಲಿದೆ. ಇಲ್ಲಿ ಒಂದು ಫೋನಿಗೋ ಒಂದು ಮನೆಗೋ ಪ್ರತ್ಯೇಕವಾದ ನೆಟ್‌ವರ್ಕ್ ಭಾಗವೇ ಸಿಗುವುದರಿಂದ ಚಂದಾದಾರ ಯಾರೆಂಬುದು ಪೋರ್ಟ್ ಇಲ್ಲದೆಯೂ ತಿಳಿದೀತು. ಆದರೆ ವಿಳಾಸದ ಉಳಿದರ್ಧವನ್ನು ಫೋನುಗಳು ಗೋಪ್ಯತೆಗಾಗಿ ತಾವೇ ಯಾದೃಚ್ಛಿಕವಾಗಿ ಹುಟ್ಟಿಸಿಕೊಂಡು ದಿನದಿನವೂ ಬದಲಿಸುತ್ತಿರುತ್ತವೆ. ಇನ್ನೂ ಹಳೆಯ ಪದ್ಧತಿಯಲ್ಲಿಯೇ ಉಳಿದಿರುವ ತಾಣಗಳನ್ನು ತಲುಪುವಾಗ ಈ ಫೋನುಗಳೂ ಹಂಚಿಕೊಂಡ ವಿಳಾಸದಿಂದಲೇ ಹಾಯಬೇಕು. ತನ್ನ ವಿಳಾಸ ಮರೆಮಾಡಿ ಬೇರೊಂದು ಸರ್ವರಿನ ಮೂಲಕ ಹಾಯಿಸುವ ವಿಪಿಎನ್ ಹಾಕಿಕೊಂಡವನ ವಿಷಯದಲ್ಲಂತೂ ಹಳೆಯದು ಹೊಸದು ಎಂಬ ಭೇದವೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಚಂದಾದಾರನೇ ಬಳಕೆದಾರನಾಗಿರಬೇಕಿಲ್ಲ ಎಂಬ ಸತ್ಯವನ್ನು ಎಷ್ಟು ಬಿಟ್ ಸೇರಿಸಿದರೂ ಬದಲಿಸಲಾಗದು.

ಐಪಿ ವಿಳಾಸ ತನಿಖೆಗೆ ನಿರುಪಯುಕ್ತವೆಂದು ನಾನು ಹೇಳುತ್ತಿಲ್ಲ. ಅದರಿಂದ ಶುರುಮಾಡದೆ ಸೈಬರ್ ತನಿಖೆ ಮುಂದುವರಿಯುವುದೇ ಕಷ್ಟ. ನಮ್ಮ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗಳಲ್ಲಿ ಕಂಪನಿಯಿಂದ ಐಪಿಡಿಆರ್, ಎಂದರೆ ಇಂಟರ್ನೆಟ್ ಸಂಪರ್ಕಗಳ ದಾಖಲೆ, ತರಿಸಿ, ಸಮಯವನ್ನು ತಾಳೆ ನೋಡಿ, ಫೋನ್ ವಶಪಡಿಸಿಕೊಂಡು, ಅದರೊಳಗಿನ ಕುರುಹುಗಳನ್ನು ಪ್ರಯೋಗಾಲಯದಲ್ಲಿ ಪರಿಶೀಲಿಸಿದ ನಂತರವೇ ಮುಂದಡಿ ಇಡುವ ಅಧಿಕಾರಿಗಳನ್ನು ನಾನು ಬಲ್ಲೆ. ಕಾನೂನೂ ಸುಮ್ಮನೆ ಕೂತಿಲ್ಲ. ಸೇವಾ ಕಂಪನಿಗಳು ಇಂಟರ್ನೆಟ್ ಬಳಕೆಯ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂದು ದೂರಸಂಪರ್ಕ ಇಲಾಖೆ 2021ರ ಕೊನೆಯಲ್ಲಿ ಪರವಾನಗಿಯ ಷರತ್ತನ್ನು ತಿದ್ದಿತು. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ಯಂತ್ರಗಳ ಗಡಿಯಾರವನ್ನು ಅಧಿಕೃತ ಸಮಯಕ್ಕೆ ಹೊಂದಿಸಿ, ಲಾಗುಗಳನ್ನು 180 ದಿನ ಕಾಯ್ದಿಡಬೇಕು. ಎಲೆಕ್ಟ್ರಾನಿಕ್ ದಾಖಲೆಯನ್ನು ನ್ಯಾಯಾಲಯ ಒಪ್ಪಬೇಕಾದರೆ ಹಿಂದೆ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನಡಿ, ಈಗ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ, ಪ್ರಮಾಣಪತ್ರ ಬೇಕು. ನ್ಯಾಯಾಲಯ ಇಷ್ಟೆಲ್ಲ ಕೇಳುವುದು ವಿಚಾರಣೆಯ ಹಂತದಲ್ಲಿ. ಪತ್ರಿಕೆಯಲ್ಲಿ ಹೆಸರು ಬರುವುದು ಅದಕ್ಕೆ ಎಷ್ಟೋ ತಿಂಗಳು ಮೊದಲು, ಎಷ್ಟೋ ಸಲ ಬಂಧನದ ಮರುದಿನವೇ. ಊರಿನಲ್ಲಿ ಮುಖ ಎತ್ತಿ ಓಡಾಡುವುದು ಕಷ್ಟವಾಗುವುದೂ ಆ ಬೆಳಗಿನಿಂದಲೇ.

ಆದ್ದರಿಂದ ನನ್ನ ಕೋರಿಕೆ ತಮ್ಮ ವರದಿಗಾರರಿಗೂ ಸುದ್ದಿಮೇಜಿನವರಿಗೂ. ಐಪಿ ವಿಳಾಸದಿಂದ ಸಿಕ್ಕಿರುವುದು ಸಂಪರ್ಕ ಯಾರ ಹೆಸರಿನಲ್ಲಿದೆ ಎಂಬುದಷ್ಟೇ ಆಗಿದ್ದರೆ, ಹಾಗೆಂದೇ ಬರೆಯಿರಿ. ‘ಆರೋಪಿಯ ಪತ್ತೆ’ ಎಂಬ ಮಾತನ್ನು, ಆ ಸಂಪರ್ಕವನ್ನು ಆ ಹೊತ್ತಿಗೆ ಬಳಸಿದವರು ಯಾರೆಂಬುದಕ್ಕೆ ಬೇರೆ ಸಾಕ್ಷ್ಯ ಇದೆಯೆಂದು ಪೊಲೀಸರು ಹೇಳಿದಾಗಕ್ಕೆ ಉಳಿಸಿಕೊಳ್ಳಿ. ಪತ್ರಿಕಾಗೋಷ್ಠಿಯಲ್ಲಿ, ವಿಳಾಸದ ಜೊತೆಗೆ ಪೋರ್ಟ್ ಸಂಖ್ಯೆ ದೊರೆತಿದೆಯೇ, ಸಮಯ ಯುಟಿಸಿಯೋ ಭಾರತೀಯ ಕಾಲಮಾನವೋ ಎಂದು ಕೇಳುವುದಕ್ಕೆ ಅರ್ಧ ನಿಮಿಷ ಸಾಕು, ಮತ್ತು ಆ ಪ್ರಶ್ನೆ ಪದೇ ಪದೇ ಬರುತ್ತದೆಂದು ಗೊತ್ತಾದರೆ ಠಾಣೆಯ ಮಟ್ಟದಲ್ಲೂ ಅದನ್ನು ಮೊದಲೇ ನೋಡಿಕೊಳ್ಳುವ ರೂಢಿ ಬಂದೀತು. ಸಂಪರ್ಕದ ಚಂದಾದಾರರ ಮನೆ, ಬೀದಿ, ಹಳ್ಳಿಯ ಹೆಸರುಗಳನ್ನು ಆ ಹಂತದಲ್ಲಿ ಅಚ್ಚು ಹಾಕುವ ಅಗತ್ಯವಂತೂ ನನಗೆ ಕಾಣದು. ತಮ್ಮ ಪತ್ರಿಕೆ ಬಯಸಿದರೆ, ಇಂಥ ವರದಿ ಬರೆಯುವವರು ಠಾಣೆಯಲ್ಲಿ ಕೇಳಬೇಕಾದ ತಾಂತ್ರಿಕ ಪ್ರಶ್ನೆಗಳನ್ನು ಒಂದು ಪುಟದಲ್ಲಿ ಬರೆದುಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಕಾಲೇಜೊಂದರ ನೆಟ್‌ವರ್ಕ್ ನಿರ್ವಾಹಕ,
ಶಿವಮೊಗ್ಗ